ಮೇಲ್ಮೈಗೆ ಅಂಟಿಕೊಂಡ ಅನಿಲದ ಅಣು ತಿರುಗುತ್ತದೆಯೋ, ನಿಂತುಬಿಡುತ್ತದೆಯೋ?

ಕರಾವಳಿ_ರಸಾಯನ:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕಲ್ ಕೆಮಿಸ್ಟ್ರಿ ಓದುತ್ತಿದ್ದೇನೆ. ತಾಮ್ರದ ಮೇಲೆ ಅಂಟಿಕೊಂಡ ಕಾರ್ಬನ್ ಮೊನಾಕ್ಸೈಡ್ ಎಷ್ಟು ಬೇಗ ಬಿಟ್ಟು ಹೋಗುತ್ತದೆ ಅನ್ನುವುದು ನನ್ನ ಪ್ರಾಜೆಕ್ಟ್. ಇನ್ನು ಮುಂದೆ ಸಿಓ ಅಂತ ಬರೆಯುತ್ತೇನೆ.

ಉಷ್ಣತೆಯೊಂದಿಗೆ ದರ ಹೇಗೆ ಬದಲಾಗುತ್ತದೆ ಅಂತ ಹೇಳುವ ಅರೇನಿಯಸ್ ಸಮೀಕರಣದಲ್ಲಿ ಮುಂದಿರುವ ಗುಣಕವನ್ನು ಸೆಕೆಂಡಿಗೆ 10¹³ ಅಂತ ಹಿಡಿಯಿರಿ ಎಂದು ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ಆದರೆ ಲೋಹಗಳ ಮೇಲಿನ ಸಿಓಗೆ ಪ್ರಯೋಗದಲ್ಲಿ ಅಳೆದ ಲೇಖನಗಳನ್ನು ತೆಗೆದರೆ 10¹⁵, ಕೆಲವು ಕಡೆ 10¹⁶ ಕೂಡ ಕಾಣಿಸುತ್ತದೆ. ನೂರು ಪಟ್ಟು, ಸಾವಿರ ಪಟ್ಟು ವ್ಯತ್ಯಾಸ ಸಣ್ಣದಲ್ಲ ಅಲ್ವಾ? ಗೈಡ್ ಹತ್ತಿರ ಕೇಳಿದೆ. "ರೊಟೇಷನ್ ನೋಡು" ಅಂದರು. ಅಲ್ಲಿಂದ ಶುರುವಾಯಿತು ಗೊಂದಲ.

ಗಾಳಿಯಲ್ಲಿ ಹಾರಾಡುವಾಗ ಸಿಓ ಎರಡು ಅಕ್ಷಗಳ ಸುತ್ತ ತಿರುಗುತ್ತದೆ, ಅದು ಗೊತ್ತು. ಮೇಲ್ಮೈಗೆ ಬಂದು ಅಂಟಿಕೊಂಡಾಗ ಆ ಎರಡು ಚಲನೆಗಳು ಎಲ್ಲಿಗೆ ಹೋಗುತ್ತವೆ? ಪೂರ್ತಿ ನಿಂತುಬಿಡುತ್ತವೆಯೇ? ನೆಟ್ಟಗೆ ನಿಂತ ಅಣು ತನ್ನ ಅಕ್ಷದ ಸುತ್ತಲೇ ಬುಗುರಿಯಂತೆ ಸುತ್ತಬಹುದಾ? ಎಲ್ಲ ಅನಿಲಕ್ಕೂ ಒಂದೇ ನಿಯಮವಾ, ಹೈಡ್ರೋಜನ್‌ನಂಥ ಹಗುರ ಅಣುವಿಗೆ ಬೇರೆಯಾ? ಇನ್ನೊಂದು ಮುಖ್ಯ ಪ್ರಶ್ನೆ: ಇದನ್ನೆಲ್ಲ ಯಾರಾದರೂ ನೇರವಾಗಿ ನೋಡಿದ್ದಾರಾ, ಅಥವಾ ಬರೀ ಲೆಕ್ಕವಾ?

---

ಸ್ಟಾಟ್‌ಮೆಕ್_ಪ್ರಿಯ:

ಒಳ್ಳೆಯ ಪ್ರಶ್ನೆ. ನಿಮ್ಮ ಗೈಡ್ ಕೊಟ್ಟ ಸುಳಿವು ಸರಿಯಾಗಿದೆ, ಅದನ್ನು ಪೂರ್ತಿ ಬಿಡಿಸಿ ನೋಡೋಣ.

ಮೊದಲು ಎಣಿಕೆ. ಸಿಓದಲ್ಲಿ ಎರಡು ಪರಮಾಣು, ಅಂದರೆ ಒಟ್ಟು ಆರು ಚಲನೆಗಳು. ಅನಿಲದಲ್ಲಿ ಮೂರು ಓಡಾಟ, ಎರಡು ತಿರುಗಾಟ, ಒಂದು ಕಂಪನ. ಮೇಲ್ಮೈ ಮೇಲೂ ಆರೇ ಇರಬೇಕು, ಏಕೆಂದರೆ ಚಲನೆಯ ದಾರಿಗಳು ಎಲ್ಲೂ ಮಾಯವಾಗುವುದಿಲ್ಲ. ರೂಪ ಮಾತ್ರ ಬದಲಾಗುತ್ತದೆ. ತಾಮ್ರದ 100 ಮುಖದ ಮೇಲೆ (ಹರಳನ್ನು ಯಾವ ದಿಕ್ಕಿಗೆ ಕತ್ತರಿಸಿದೆ ಅಂತ ಈ ಸಂಖ್ಯೆ ಹೇಳುತ್ತದೆ) ಸಿಓ ಒಂದು ತಾಮ್ರದ ಪರಮಾಣುವಿನ ನೆತ್ತಿಯ ಮೇಲೆ, ಕಾರ್ಬನ್ ಕೆಳಗೆ ಆಕ್ಸಿಜನ್ ಮೇಲೆ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತದೆ. ಬುಡ ಗಟ್ಟಿ, ತಲೆ ಬಿಡಿ. ಗಾಳಿಗೆ ತೆಂಗಿನ ಮರ ಓಲಾಡುವ ಹಾಗೆ ಅದು ಆಚೀಚೆ ಓಲಾಡುತ್ತದೆ, ಆದರೆ ತಲೆಕೆಳಗಾಗಿ ಒಂದು ಸುತ್ತು ಹಾಕಲು ಆಗುವುದಿಲ್ಲ. ಅನಿಲದಲ್ಲಿದ್ದ ಎರಡು ತಿರುಗಾಟಗಳು ಹೀಗೆ ಎರಡು ಓಲಾಟಗಳಾಗುತ್ತವೆ. ಅಳೆದ ಆವೃತ್ತಿ ಸುಮಾರು 285 ಸೆಂ.ಮೀ.⁻¹ (ಕಂಪನದ ಆವೃತ್ತಿಯನ್ನು ಈ ಏಕಮಾನದಲ್ಲಿ ಹೇಳುತ್ತಾರೆ). ಮೇಲ್ಮೈಗೆ ಸಮನಾಗಿ ಇದ್ದ ಎರಡು ಓಡಾಟಗಳು ಸಹ ತುಂಬ ಮೆತ್ತನೆಯ ಕಂಪನಗಳಾಗುತ್ತವೆ, ಸುಮಾರು 32 ಸೆಂ.ಮೀ.⁻¹. ಉಳಿದದ್ದು ತಾಮ್ರ-ಕಾರ್ಬನ್ ಕಂಪನ 345, ಸಿಓ ಒಳಗಿನ ಕಂಪನ 2086. ಆರು ಲೆಕ್ಕ ಸರಿಹೋಯಿತು.

ಬುಗುರಿಯ ಪ್ರಶ್ನೆಗೆ ಉತ್ತರ: ಸಿಓಗೆ ಅದು ಇಲ್ಲ. ಎರಡೂ ಪರಮಾಣುಗಳ ನ್ಯೂಕ್ಲಿಯಸ್ ಅಕ್ಷದ ಮೇಲೇ ಇರುವುದರಿಂದ ಆ ಅಕ್ಷದ ಸುತ್ತ ತಿರುಗುವುದಕ್ಕೆ ಅಲ್ಲಿ ಏನೂ ಇಲ್ಲ. ಅನಿಲದಲ್ಲೂ ಇರಲಿಲ್ಲ. ಅಮೋನಿಯದಂಥ ಅಣುವಿನ ವಿಷಯ ಬೇರೆ, ಅದರ ಮೂರು ಹೈಡ್ರೋಜನ್ ಅಕ್ಷದಿಂದ ಹೊರಗೆ ಚಾಚಿಕೊಂಡಿವೆ.

ಈಗ ನಿಮ್ಮ 10¹⁵. ತಾಮ್ರದಿಂದ ಸಿಓ ಕಡಿಮೆ ಉಷ್ಣತೆಯಲ್ಲೇ ಬಿಟ್ಟು ಹೋಗುತ್ತದೆ, ಹಾಗಾಗಿ 150 ಕೆಲ್ವಿನ್‌ನಲ್ಲಿ ಲೆಕ್ಕ ಹಾಕೋಣ. ಅನಿಲದ ಸಿಓಗೆ ತಿರುಗಾಟದ ವಿಶಿಷ್ಟ ಉಷ್ಣತೆ 2.77 ಕೆಲ್ವಿನ್. ಆದ್ದರಿಂದ ತಿರುಗಾಟದ ಪಾರ್ಟಿಷನ್ ಫಂಕ್ಷನ್ 150 ಭಾಗಿಸು 2.77, ಅಂದರೆ ಸುಮಾರು 54. ಸರಳವಾಗಿ ಹೇಳಿದರೆ ಅಣುವಿಗೆ ತಿರುಗಲು 54 ಸ್ಥಿತಿಗಳು ಕೈಗೆ ಸಿಗುತ್ತವೆ. ಮೇಲ್ಮೈ ಮೇಲೆ? 285 ಸೆಂ.ಮೀ.⁻¹ ಓಲಾಟಕ್ಕೆ ಆ ಉಷ್ಣತೆಯಲ್ಲಿ ಬರುವುದು 1.07 ಮಾತ್ರ. ಎರಡು ಓಲಾಟ ಸೇರಿ 1.14. ಅಂದರೆ 54 ಇದ್ದದ್ದು ಹೆಚ್ಚುಕಡಿಮೆ 1ಕ್ಕೆ ಇಳಿಯಿತು. ಎಂಟ್ರೊಪಿಯಲ್ಲಿ, ಅಂದರೆ ಅಣುವಿನ ಸ್ವಾತಂತ್ರ್ಯದ ಅಳತೆಯಲ್ಲಿ, ನೋಡಿದರೆ ತಿರುಗಾಟದ ಪಾಲು ಪ್ರತಿ ಮೋಲ್ ಪ್ರತಿ ಕೆಲ್ವಿನ್‌ಗೆ 41 ಜೂಲ್ ಇದ್ದದ್ದು 4 ಜೂಲ್ ಆಗುತ್ತದೆ.

ಬಿಟ್ಟು ಹೋಗುವಾಗ ಇದೇ ತಿರುಗುಮುರುಗು ನಡೆಯುತ್ತದೆ. ಹೊರಟ ಅಣು ಮೇಲ್ಮೈಯಿಂದ ಸಾಕಷ್ಟು ದೂರ ಬಂದಾಗ ಮತ್ತೆ ಮುಕ್ತವಾಗಿ ತಿರುಗುತ್ತದೆ, ಹೀಗಾಗಿ ಗುಣಕದಲ್ಲಿ 54 ಭಾಗಿಸು 1.14, ಅಂದರೆ 47 ಪಟ್ಟು ಸೇರಿಕೊಳ್ಳುತ್ತದೆ. ಮೇಲ್ಮೈಗೆ ಸಮನಾದ ಓಡಾಟ ಬಿಡುಗಡೆಯಾಗುವುದರಿಂದ ಇನ್ನೊಂದು ಸುಮಾರು 6 ಪಟ್ಟು. ದರ ಲೆಕ್ಕ ಹಾಕುವ ಟ್ರಾನ್ಸಿಷನ್ ಸ್ಟೇಟ್ ಸಿದ್ಧಾಂತದ ಮೂಲ ಗುಣಕ, ಕೆಟಿ ಭಾಗಿಸು ಹೆಚ್ (ಕೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ಉಷ್ಣತೆ, ಹೆಚ್ ಪ್ಲಾಂಕ್ ಸ್ಥಿರಾಂಕ), 150 ಕೆಲ್ವಿನ್‌ನಲ್ಲಿ 3.1×10¹². ಮೂರನ್ನೂ ಗುಣಿಸಿ ನೋಡಿ: ಸರಿಸುಮಾರು 10¹⁵. ಅದರ ದೊಡ್ಡ ಪಾಲು ತಿರುಗಾಟದಿಂದಲೇ ಬಂದಿದೆ. 10¹³ ಅನ್ನುವುದು ಅಂಟಿಕೊಂಡಾಗಲೂ ಹೊರಡುವಾಗಲೂ ಅಣುವಿನ ಸ್ವಾತಂತ್ರ್ಯ ಒಂದೇ ಅಂತ ಸುಮ್ನೆ ಊಹಿಸಿಕೊಂಡರೆ ಬರುವ ಸಂಖ್ಯೆ. ನೆಟ್ಟಗೆ ನಿಂತ ಸಿಓಗೆ ಆ ಊಹೆ ನಡೆಯುವುದಿಲ್ಲ.

---

ನಿರ್ವಾತದ_ಕೋಣೆ:

ಮೇಲಿನ ಲೆಕ್ಕ ಚೆನ್ನಾಗಿದೆ. ನಾನು ಕೊನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದು ನನಗೆ ತುಂಬ ಹತ್ತಿರದ ವಿಷಯ. ಹೌದು, ನೋಡಿದ್ದಾರೆ. ಒಂದೊಂದೇ ಅಣುವನ್ನು.

1998ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿಲ್ಸನ್ ಹೋ ಅವರ ತಂಡ ಪ್ಲಾಟಿನಮ್ 111 ಮುಖದ ಮೇಲೆ ಒಂಟಿ ಆಕ್ಸಿಜನ್ ಅಣುವನ್ನು ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನ (ಮೊನಚು ಸೂಜಿ ಮತ್ತು ಮೇಲ್ಮೈ ನಡುವಿನ ಕರೆಂಟ್ ಅಳೆದು ಚಿತ್ರ ತೆಗೆಯುವ ಯಂತ್ರ) ಸೂಜಿಯಿಂದ ತಿರುಗಿಸಿ ತೋರಿಸಿತು. ಆ ಮುಖದ ಮೇಲೆ ಪರಮಾಣುಗಳು ತ್ರಿಕೋನಗಳಾಗಿ ಜೋಡಿಕೊಂಡಿವೆ, ಹಾಗಾಗಿ ಮಲಗಿದ ಆಕ್ಸಿಜನ್‌ಗೆ ಮೂರು ಸಮಾನ ದಿಕ್ಕುಗಳು. ತುಂಬ ತಣ್ಣಗಿದ್ದಾಗ ಅಣು ಒಂದು ದಿಕ್ಕಿನಲ್ಲಿ ಕೂತುಬಿಡುತ್ತದೆ. ಸೂಜಿಯಿಂದ ವೋಲ್ಟೇಜಿನ ಒಂದು ಮಿಡಿತ ಕೊಟ್ಟರೆ ಹಾದುಹೋಗುವ ಎಲೆಕ್ಟ್ರಾನ್ ಅಣುವಿಗೆ ಶಕ್ತಿ ಕೊಡುತ್ತದೆ, ಅಣು ಬೇರೆ ದಿಕ್ಕಿಗೆ ಹೊರಳುತ್ತದೆ. ಸೂಜಿಯನ್ನು ಅಣುವಿನ ಸರಿಯಾದ ಮಧ್ಯದ ಬದಲು ಸ್ವಲ್ಪ ಪಕ್ಕಕ್ಕೆ ಇಟ್ಟರೆ ಪ್ರತಿ ದಿಕ್ಕಿಗೂ ಕರೆಂಟ್ ಬೇರೆ ಬೇರೆ ಬರುತ್ತದೆ. ಆಗ ಪರದೆಯ ಮೇಲೆ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಜಿಗಿಯುವುದು ಕಾಣುತ್ತದೆ. ಪ್ರತಿ ಜಿಗಿತವೂ ಒಂದು ಹೊರಳು.

ಅದೇ ವರ್ಷ ಅದೇ ತಂಡ ತಾಮ್ರದ 100 ಮುಖದ ಮೇಲೆ ಅಸಿಟಿಲೀನ್ ಇಟ್ಟು ಮಾಡಿದ ಪ್ರಯೋಗ ನನಗೆ ಇನ್ನೂ ಜಾಸ್ತಿ ಇಷ್ಟ. ಇಲ್ಲಿ ಮೇಲ್ಮೈ ಚೌಕಾಕಾರ, ಆದ್ದರಿಂದ 90 ಡಿಗ್ರಿ ಅಂತರದ ಎರಡು ದಿಕ್ಕುಗಳು. ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಹೋದಾಗ 358 ಮಿಲಿವೋಲ್ಟ್ ದಾಟುತ್ತಿದ್ದಂತೆ ಹೊರಳುವ ವೇಗ ಥಟ್ಟನೆ ಏರಿತು. 358 ಮಿಲಿ ಇವಿ (ಮಿಲಿ ಎಲೆಕ್ಟ್ರಾನ್‌ವೋಲ್ಟ್, ಶಕ್ತಿಯ ಏಕಮಾನ) ಎಂದರೆ ಕಾರ್ಬನ್-ಹೈಡ್ರೋಜನ್ ಬಂಧದ ಕಂಪನದ ಶಕ್ತಿ. ಇದು ಕಾಕತಾಳೀಯ ಇರಬಹುದಲ್ಲ ಅಂತ ಯಾರಾದರೂ ಕೇಳಬಹುದು. ಅದಕ್ಕೆ ಅವರು ಹೈಡ್ರೋಜನ್ ಬದಲು ಡ್ಯೂಟೀರಿಯಮ್ (ಭಾರದ ಹೈಡ್ರೋಜನ್) ಇರುವ ಅಸಿಟಿಲೀನ್ ಹಾಕಿದರು. ರಸಾಯನ ಅದೇ, ಆಕಾರ ಅದೇ, ತೂಕ ಮಾತ್ರ ಬೇರೆ. ಈ ಸಲ ಏರಿಕೆ 266ರಲ್ಲಿ ಬಂತು, ಅದು ಕಾರ್ಬನ್-ಡ್ಯೂಟೀರಿಯಮ್ ಕಂಪನದ ಶಕ್ತಿ! ಅಂದರೆ ಎಲೆಕ್ಟ್ರಾನ್ ಮೊದಲು ಬಂಧವನ್ನು ಕಂಪಿಸುವಂತೆ ಮಾಡುತ್ತದೆ, ಆ ಶಕ್ತಿ ಅಣುವಿನೊಳಗೇ ಹರಿದು ತಿರುಗಾಟಕ್ಕೆ ಇರುವ ಅಡ್ಡಗೋಡೆಯನ್ನು ದಾಟಿಸುತ್ತದೆ. ಒಂದೇ ಒಂದು ಅಣುವಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾರಣ ಹಿಡಿದು ತೋರಿಸುವ ಪ್ರಯೋಗ ಅಪರೂಪ.

ಬುಗುರಿಯಂತೆ ಸುತ್ತುವುದಕ್ಕೂ ಸಾಕ್ಷಿ ಇದೆ, ಅದು ಇನ್ನೂ ಹಳೆಯದು. ನಿಕ್ಕಲ್ 111 ಮುಖದ ಮೇಲೆ ಫಾಸ್ಫರಸ್ ಟ್ರೈಫ್ಲೋರೈಡ್ ನೆಟ್ಟಗೆ ನಿಲ್ಲುತ್ತದೆ, ಫಾಸ್ಫರಸ್ ಕೆಳಗೆ, ಮೂರು ಫ್ಲೋರಿನ್ ಮೇಲೆ ಹರಡಿಕೊಂಡು. ಅದರ ಮೇಲೆ ಎಲೆಕ್ಟ್ರಾನ್ ಹೊಡೆದರೆ ಬಂಧ ಮುರಿದು ಫ್ಲೋರಿನ್ ಅಯಾನು ಆ ಬಂಧ ಯಾವ ಕಡೆ ಚಾಚಿತ್ತೋ ಆ ಕಡೆಗೇ ಹಾರುತ್ತದೆ. ತಣ್ಣಗಿರುವಾಗ ಪರದೆಯ ಮೇಲೆ ಆರು ಚುಕ್ಕೆಗಳು ಬರುತ್ತವೆ. ಬಿಸಿ ಮಾಡುತ್ತಾ ಹೋದರೆ ಚುಕ್ಕೆಗಳು ಹರಡಿ ಒಂದು ಉಂಗುರವಾಗುತ್ತವೆ. 1987ರಲ್ಲಿ ಇದು ಪ್ರಕಟವಾಯಿತು. ಅಂಟಿಕೊಂಡ ಬಂಧ ಮುರಿಯದೆಯೇ ಅಣು ಬುಡದ ಮೇಲೆ ಸುತ್ತಲು ಶುರುಮಾಡಿತು ಎನ್ನುವುದಕ್ಕೆ ಆ ಉಂಗುರವೇ ಗುರುತು.

---

ಕರಾವಳಿ_ರಸಾಯನ:

ತುಂಬ ಉಪಕಾರವಾಯಿತು. 47 ಪಟ್ಟಿನ ಲೆಕ್ಕ ನಾನೇ ಮತ್ತೆ ಮಾಡಿ ನೋಡಿದೆ, ಸರಿಯಾಗಿ ಬಂತು. ಹಾಗಾದರೆ ಅಂಟಿಕೊಂಡ ಅಣು ತಣ್ಣಗಿದ್ದರೆ ನಿಂತಿರುತ್ತದೆ, ಬಿಸಿಯಾದರೆ ತಿರುಗುತ್ತದೆ ಅಂತ ಹೇಳಬಹುದಾ? ಹೈಡ್ರೋಜನ್‌ಗೂ ಇದೇನಾ?

---

ಕ್ರಯೋ_ಕನ್ನಡಿಗ:

ಹೈಡ್ರೋಜನ್‌ಗೆ ಆ ಮಾತು ಹೊಂದುವುದಿಲ್ಲ. ಅದು 10 ಕೆಲ್ವಿನ್ ಸುತ್ತಮುತ್ತ ತಣ್ಣಗಿದ್ದರೂ ತಿರುಗುತ್ತದೆ.

ಕಾರಣ ಕ್ವಾಂಟಮ್. ತಿರುಗಾಟದ ಶಕ್ತಿ ಬಿ ಗುಣಿಸು ಜೆ ಗುಣಿಸು ಜೆ+1 ಅಲ್ವಾ, ಇಲ್ಲಿ ಜೆ ತಿರುಗಾಟದ ಮಟ್ಟದ ಸಂಖ್ಯೆ (0, 1, 2 ಹೀಗೆ), ಬಿ ಅಣುವಿನ ತೂಕ, ಉದ್ದಗಳ ಮೇಲೆ ನಿಂತಿದೆ. ಹೈಡ್ರೋಜನ್ ಎಲ್ಲಕ್ಕಿಂತ ಹಗುರ, ಅದರ ಬಿ ಸುಮಾರು 7.5 ಮಿಲಿ ಇವಿ. ನೈಟ್ರೋಜನ್‌ನ ಬಿ 0.25 ಮಿಲಿ ಇವಿ ಮಾತ್ರ. ಅಣುವನ್ನು ಒಂದು ದಿಕ್ಕಿನಲ್ಲಿ ಹಿಡಿದು ನಿಲ್ಲಿಸಬೇಕಾದರೆ ಮೇಲ್ಮೈಯ ಅಡ್ಡಗೋಡೆ ಬಿಗಿಂತ ತುಂಬ ದೊಡ್ಡದಿರಬೇಕು. ನಯವಾದ ತಾಮ್ರದ ಮೇಲೆ ಹೈಡ್ರೋಜನ್ ಅಣು ಬರೀ ವಾನ್ ಡರ್ ವಾಲ್ಸ್ ಎಂಬ ದುರ್ಬಲ ಸೆಳೆತದಲ್ಲಿ ಕೂತಿರುತ್ತದೆ, ಅದಕ್ಕೆ ದಿಕ್ಕಿನ ಹಂಗು ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1982ರಲ್ಲಿ ಆಂಡರ್ಸನ್ ಮತ್ತು ಹ್ಯಾರಿಸ್ ತಾಮ್ರದ 100 ಮುಖಕ್ಕೆ ಎಲೆಕ್ಟ್ರಾನ್ ಬಿಟ್ಟು, ಅವು ಕಳೆದುಕೊಂಡ ಶಕ್ತಿಯನ್ನು ಅಳೆದರು. ಜೆ 0ಯಿಂದ 2ಕ್ಕೆ ಏರುವ ಜಿಗಿತ ಅನಿಲದಲ್ಲಿ 44 ಮಿಲಿ ಇವಿ. ಮೇಲ್ಮೈ ಮೇಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಅಂಟಿಕೊಂಡ ಅಣು ಮೂರು ಆಯಾಮದಲ್ಲಿ ಮುಕ್ತವಾಗಿ ತಿರುಗುತ್ತಿದೆ ಅಂತಲೇ ಅರ್ಥ.

ಅದೇ ತಾಮ್ರವನ್ನು ಓರೆಯಾಗಿ ಕತ್ತರಿಸಿ ಮೆಟ್ಟಿಲುಗಳಿರುವ ಮುಖ ಮಾಡಿಕೊಂಡರೆ ಚಿತ್ರ ಬದಲಾಗುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಹೈಡ್ರೋಜನ್ ಇನ್ನೂ ಬಿಗಿಯಾಗಿ ಕೂರುತ್ತದೆ, ಒಂದೇ ಸಮತಲದಲ್ಲಿ ಮಾತ್ರ ತಿರುಗುತ್ತದೆ. ಎರಡು ಆಯಾಮದ ರೋಟರ್‌ಗೆ (ತಿರುಗುವ ಅಣುವಿಗೆ) ಶಕ್ತಿ ಬಿ ಗುಣಿಸು ಎಮ್ ವರ್ಗ, ಎಮ್ ಇಲ್ಲಿ ಜೆಯಂಥದ್ದೇ ಮಟ್ಟದ ಸಂಖ್ಯೆ. ಆಗ 0ಯಿಂದ 2ಕ್ಕೆ ಜಿಗಿತ 6ಬಿ ಅಲ್ಲ, 4ಬಿ, ಅಂದರೆ ಸುಮಾರು 30 ಮಿಲಿ ಇವಿ. 1999ರಲ್ಲಿ ತಾಮ್ರದ 510 ಮುಖದ ಮೇಲೆ ಈ ಎರಡು ಆಯಾಮದ ತಿರುಗಾಟವನ್ನು ಕಂಡರು. ಒಂದೇ ಲೋಹ, ಒಂದೇ ಅನಿಲ, ಪರಮಾಣುಗಳ ಜೋಡಣೆ ಮಾತ್ರ ಬೇರೆ!

ನಾನು ಈ ವಿಷಯಕ್ಕೆ ಬಂದದ್ದು ದ್ರವ ಹೈಡ್ರೋಜನ್ ಕಡೆಯಿಂದ. ಆರ್ಥೋ, ಪಾರಾ ಅನ್ನುವ ಎರಡು ಬಗೆಯ ಹೈಡ್ರೋಜನ್ ನೀವು ಓದಿರುತ್ತೀರಿ. ನ್ಯೂಕ್ಲಿಯರ್ ಸ್ಪಿನ್ (ನ್ಯೂಕ್ಲಿಯಸ್‌ಗಳ ಚಿಕ್ಕ ಕಾಂತದಂಥ ಗುಣ) ಕಾರಣದಿಂದ ಪಾರಾಗೆ ಜೆ ಸಮ ಸಂಖ್ಯೆ ಮಾತ್ರ, ಆರ್ಥೋಗೆ ಬೆಸ ಸಂಖ್ಯೆ ಮಾತ್ರ. ಕೋಣೆಯ ಉಷ್ಣತೆಯಲ್ಲಿ ಮೂರು ಪಾಲು ಆರ್ಥೋ, ಒಂದು ಪಾಲು ಪಾರಾ. ಆರ್ಥೋ ಎಷ್ಟೇ ತಣ್ಣಗಾದರೂ ಜೆ 1ಕ್ಕಿಂತ ಕೆಳಗಿಳಿಯಲು ಆಗುವುದಿಲ್ಲ, ಸ್ಪಿನ್ ಬದಲಾಗುವ ತನಕ ತಿರುಗುತ್ತಲೇ ಇರಬೇಕು. ಈಗ ಮೇಲ್ಮೈ ಅಣುವನ್ನು ಮಲಗಿಸಲು ಸ್ವಲ್ಪ ಇಷ್ಟಪಡುತ್ತದೆ ಅಂತ ಇಟ್ಟುಕೊಳ್ಳಿ. ಜೆ 0 ಸ್ಥಿತಿಯಲ್ಲಿರುವ ಪಾರಾ ಪೂರ್ತಿ ಗೋಳಾಕಾರ, ಅದಕ್ಕೆ ಮಲಗುವುದೂ ಇಲ್ಲ ನಿಲ್ಲುವುದೂ ಇಲ್ಲ. ಆದರೆ ಜೆ 1ರಲ್ಲಿರುವ ಆರ್ಥೋಗೆ ಮೂರು ಸ್ಥಿತಿಗಳ ಆಯ್ಕೆ ಇದೆ. ಅವುಗಳಲ್ಲಿ ಎರಡರಲ್ಲಿ ಅದು ಹೆಲಿಕಾಪ್ಟರಿನ ರೆಕ್ಕೆಯ ಹಾಗೆ ಮೇಲ್ಮೈಗೆ ಸಮನಾಗಿ ಸುತ್ತುತ್ತದೆ. ಈ ಕ್ಷೇತ್ರದವರು ಅದನ್ನು ಹೆಲಿಕಾಪ್ಟರ್ ಅಂತಲೇ ಕರೆಯುತ್ತಾರೆ. ಆ ಸ್ಥಿತಿಯಲ್ಲಿ ಆರ್ಥೋಗೆ ಪಾರಾಗಿಂತ ಸ್ವಲ್ಪ ಜಾಸ್ತಿ ಸೆಳೆತ ಸಿಗುತ್ತದೆ. ಅಡ್ಡಗೋಡೆಯನ್ನು ವಿ ಗುಣಿಸು ಕೊಸೈನ್ ವರ್ಗ (ವಿ ಗೋಡೆಯ ಎತ್ತರ, ಕೋನ ಲಂಬ ರೇಖೆಯಿಂದ) ಅಂತ ಬರೆದು ಸರಾಸರಿ ತೆಗೆದರೆ ಪಾರಾಗೆ ವಿಯ 1/3, ಹೆಲಿಕಾಪ್ಟರ್ ಆರ್ಥೋಗೆ 1/5 ಬರುತ್ತದೆ. ವ್ಯತ್ಯಾಸ ವಿಯ 2/15. ಇಷ್ಟು ಚಿಕ್ಕ ವ್ಯತ್ಯಾಸ ಸಾಕು, 77 ಕೆಲ್ವಿನ್‌ನಲ್ಲಿ ಅಲ್ಯೂಮಿನಾ ತುಂಬಿದ ಕಾಲಮ್ಮಿನಲ್ಲಿ ಹೈಡ್ರೋಜನ್ ಹಾಯಿಸಿದರೆ ಪಾರಾ ಮೊದಲು ಹೊರಬರುತ್ತದೆ, ಆರ್ಥೋ ಹಿಂದೆ ಉಳಿಯುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ, ತಿರುಗುವ ರೀತಿಯಿಂದ ಮಾತ್ರ ಬೇರೆಯಾಗುತ್ತಿವೆ.

ಇದು ಬರೀ ಪುಸ್ತಕದ ವಿಷಯವಲ್ಲ. 20 ಕೆಲ್ವಿನ್‌ನಲ್ಲಿ ಸಮತೋಲನಕ್ಕೆ ಬಂದರೆ ಹೈಡ್ರೋಜನ್ ಹೆಚ್ಚುಕಡಿಮೆ ಪೂರ್ತಿ ಪಾರಾ. ಆರ್ಥೋ ಹಾಗೇ ಉಳಿಸಿಕೊಂಡು ದ್ರವ ಮಾಡಿ ಟ್ಯಾಂಕಿಗೆ ತುಂಬಿದರೆ ಅದು ನಿಧಾನವಾಗಿ ಪಾರಾ ಆಗುತ್ತಾ ಶಾಖ ಬಿಡುತ್ತದೆ. ಆ ಶಾಖ ದ್ರವವನ್ನು ಆವಿ ಮಾಡಲು ಬೇಕಾದ ಶಾಖಕ್ಕಿಂತ ಜಾಸ್ತಿ: ಕಿಲೋಗೆ ಸುಮಾರು 525 ಕಿಲೋಜೂಲ್, ಆವಿಯಾಗಲು ಬೇಕಾದ್ದು ಸುಮಾರು 445. ಎಷ್ಟು ಒಳ್ಳೆಯ ಟ್ಯಾಂಕ್ ಇದ್ದರೂ ಒಳಗಿಂದಲೇ ಕುದಿಯುತ್ತದೆ. ಅದಕ್ಕೇ ದ್ರವ ಮಾಡುವಾಗಲೇ ಐರನ್ ಆಕ್ಸೈಡ್ ಮೇಲೆ ಹಾಯಿಸಿ ಪಾರಾ ಮಾಡಿಬಿಡುತ್ತಾರೆ. ಅಣು ಆ ಮೇಲ್ಮೈಗೆ ಬಂದು ಕೂತಾಗ ಅಲ್ಲಿನ ಕಾಂತೀಯ ಪರಮಾಣುಗಳು ಅದರ ಎರಡು ನ್ಯೂಕ್ಲಿಯಸ್‌ಗಳನ್ನು ಬೇರೆ ಬೇರೆಯಾಗಿ ಎಳೆದು ಸ್ಪಿನ್ ಬದಲಿಸುತ್ತವೆ. 1929ರಲ್ಲಿ ಬೊನ್‌ಹೋಫರ್ ಮತ್ತು ಹಾರ್ಟೆಕ್ ಮೊದಲು ಪಾರಾ ಹೈಡ್ರೋಜನ್ ತಯಾರಿಸಿದ್ದೂ ತಣ್ಣಗಿನ ಇದ್ದಿಲಿನ ಮೇಲೆಯೇ.

---

ಗ್ರಾಫೈಟ್_ಪದರ:

ಎಲ್ಲರೂ ಲೋಹದ ಹಿಂದೆ ಬಿದ್ದಿದ್ದೀರಿ, ಅಕ್ಕಪಕ್ಕದ ಅಣುಗಳನ್ನು ಯಾರೂ ಹೇಳಲಿಲ್ಲ. ಗ್ರಾಫೈಟ್ ಮೇಲೆ ನೈಟ್ರೋಜನ್ ಒಂದು ಪದರ ಹಾಕಿ ತಣ್ಣಗೆ ಮಾಡಿದರೆ ಸುಮಾರು 27 ಕೆಲ್ವಿನ್ ಕೆಳಗೆ ಅಣುಗಳೆಲ್ಲ ಮಲಗಿ, ಒಂದು ಸಾಲು ಒಂದು ಕಡೆ ವಾಲಿದರೆ ಮುಂದಿನ ಸಾಲು ಇನ್ನೊಂದು ಕಡೆ ವಾಲಿಕೊಂಡು ನಿಂತುಬಿಡುತ್ತವೆ. ಆ ಉಷ್ಣತೆ ದಾಟಿದರೆ ದಿಕ್ಕಿನ ಶಿಸ್ತು ಹೋಗುತ್ತದೆ, ಆದರೆ ಅಣುಗಳ ಜಾಗ ಕದಲುವುದಿಲ್ಲ! ಕೂತಲ್ಲೇ ಕೂತು ತಿರುಗತೊಡಗುತ್ತವೆ. ಇಲ್ಲಿ ತಿರುಗಾಟ ತಡೆದದ್ದು ಮುಖ್ಯವಾಗಿ ಗ್ರಾಫೈಟ್ ಅಲ್ಲ, ನೆರೆಯ ನೈಟ್ರೋಜನ್‌ಗಳ ಕ್ವಾಡ್ರುಪೋಲ್ ಸೆಳೆತ (ಅಣುವಿನೊಳಗೆ ವಿದ್ಯುದಾವೇಶ ಹಂಚಿಕೊಂಡ ರೀತಿಯಿಂದ ಬರುವುದು). ಆದ್ದರಿಂದ ಒಂಟಿ ಅಣುವಿನ ಲೆಕ್ಕವನ್ನು ತುಂಬಿದ ಪದರಕ್ಕೆ ಹಾಗೇ ಹಾಕಬೇಡಿ.

ಇನ್ನೊಂದು ಮಾತು. ಸಿಓ ನೋಡಿ ಎಲ್ಲ ಅಣುಗಳೂ ತಿರುಗಾಟ ಕಳೆದುಕೊಳ್ಳುತ್ತವೆ ಅಂದುಕೊಳ್ಳುವುದು ಸರಿಯಲ್ಲ. 2012ರಲ್ಲಿ ಕ್ಯಾಂಪ್‌ಬೆಲ್ ಮತ್ತು ಸೆಲ್ಲರ್ಸ್ ಹಲವು ಅಣುಗಳ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರು, ಅದರಲ್ಲಿ ಆಲ್ಕೇನ್‌ಗಳೇ (ಮೀಥೇನ್‌ನಂಥ ಹೈಡ್ರೋಕಾರ್ಬನ್‌ಗಳು) ಬಹಳ. ಅಂಟಿಕೊಂಡ ಅಣುವಿನ ಎಂಟ್ರೊಪಿ ಅನಿಲದ ಎಂಟ್ರೊಪಿಯ 0.70 ಪಟ್ಟು, ಅದರಲ್ಲಿ 3.3 ಆರ್ ಕಳೆಯಬೇಕು. ಇಲ್ಲಿ ಆರ್ ಅಂದರೆ ಅನಿಲ ಸ್ಥಿರಾಂಕ. ಗಟ್ಟಿ ರಾಸಾಯನಿಕ ಬಂಧ ಇಲ್ಲದೆ ಸಡಿಲವಾಗಿ ಕೂತ ಅಣುಗಳು ತಮ್ಮ ಚಲನೆಯ ದೊಡ್ಡ ಪಾಲನ್ನು ಉಳಿಸಿಕೊಂಡಿರುತ್ತವೆ ಅನ್ನುವುದು ಇದರ ತಾತ್ಪರ್ಯ.

---

ಕರಾವಳಿ_ರಸಾಯನ:

ಇದು ನಮ್ಮ ಲ್ಯಾಬಿಗೆ ನೇರವಾಗಿ ಬೇಕಾದ ಮಾತು. ಜೊತೆಯವರೊಬ್ಬರು ಮೀಥೇನ್ ಮೇಲೆ ಡಿಎಫ್‌ಟಿ (ಕ್ವಾಂಟಮ್ ಸೂತ್ರಗಳಿಂದ ಕಂಪ್ಯೂಟರಿನಲ್ಲಿ ಶಕ್ತಿ ತೆಗೆಯುವ ವಿಧಾನ) ಲೆಕ್ಕ ಮಾಡುತ್ತಿದ್ದಾರೆ. ಪ್ರೋಗ್ರಾಮ್ ಒಂದು ಕಂಪನವನ್ನು 10 ಸೆಂ.ಮೀ.⁻¹ ಅಂತ ಕೊಡುತ್ತಿದೆ. ನೋಡಿದರೆ ಅದು ಲಂಬ ಅಕ್ಷದ ಸುತ್ತ ತಿರುಗುವ ಚಲನೆ. ಹಾಗೇ ಹಾರ್ಮೋನಿಕ್ ಸೂತ್ರಕ್ಕೆ, ಅಂದರೆ ಸ್ಪ್ರಿಂಗಿನಂಥ ಕಂಪನ ಅಂತ ಹಿಡಿಯುವ ಸೂತ್ರಕ್ಕೆ, ಹಾಕಬಹುದಾ?

---

ಸ್ಟಾಟ್‌ಮೆಕ್_ಪ್ರಿಯ:

ಹಾಕಬೇಡಿ. 100 ಕೆಲ್ವಿನ್‌ನಲ್ಲಿ ಲೆಕ್ಕ ಹಾಕಿ ನೋಡಿ. 10 ಸೆಂ.ಮೀ.⁻¹ ಹಾರ್ಮೋನಿಕ್ ಕಂಪನಕ್ಕೆ ಎಂಟ್ರೊಪಿ ಸುಮಾರು 24 ಜೂಲ್ ಬರುತ್ತದೆ. ಅದೇ ಅಕ್ಷದ ಸುತ್ತ ಮೀಥೇನ್ ಯಾವ ಅಡ್ಡಿಯೂ ಇಲ್ಲದೆ ತಿರುಗಿದರೆ, ಮೂರು ಹೈಡ್ರೋಜನ್‌ಗಳ ಸಮ್ಮಿತಿಯ 3 ಭಾಗಿಸಿ, ಬರುವುದು 10.5 ಜೂಲ್ ಮಾತ್ರ. ಅಡ್ಡಿ ಇರುವ ತಿರುಗಾಟಕ್ಕೆ ಮುಕ್ತ ತಿರುಗಾಟಕ್ಕಿಂತ ಜಾಸ್ತಿ ಎಂಟ್ರೊಪಿ ಇರಲು ಸಾಧ್ಯವೇ ಇಲ್ಲ. ಸೂತ್ರಕ್ಕೆ ಅಣು ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೇ ಬರುತ್ತದೆ ಅನ್ನುವುದು ಗೊತ್ತಿಲ್ಲ, ಅದು ಕೊನೆಯಿಲ್ಲದ ಬಟ್ಟಲಿನಲ್ಲಿ ಓಲಾಡುತ್ತಿದೆ ಅಂದುಕೊಳ್ಳುತ್ತದೆ. ಆವೃತ್ತಿ ಇನ್ನೂ ಕಡಿಮೆಯಾದರೆ ಎಂಟ್ರೊಪಿ ಮಿತಿಯಿಲ್ಲದೆ ಏರುತ್ತಾ ಹೋಗುತ್ತದೆ, ಹಾಗಾಗಿ ದರದ ಲೆಕ್ಕವೇ ಕೆಡುತ್ತದೆ.

ಮಾಡಬೇಕಾದ್ದು ಇಷ್ಟು. ಅಣುವನ್ನು ಲಂಬ ಅಕ್ಷದ ಸುತ್ತ 10 ಅಥವಾ 15 ಡಿಗ್ರಿಯಂತೆ ತಿರುಗಿಸುತ್ತಾ ಪ್ರತಿ ಹಂತದಲ್ಲೂ ಶಕ್ತಿ ತೆಗೆಯಲಿ. 120 ಡಿಗ್ರಿ ತನಕ ಸಾಕು, ಆಮೇಲೆ ಅದೇ ಮರುಕಳಿಸುತ್ತದೆ. ಅದರಿಂದ ಅಡ್ಡಗೋಡೆಯ ಎತ್ತರ ಸಿಗುತ್ತದೆ. 100 ಕೆಲ್ವಿನ್‌ನಲ್ಲಿ ಕೆಟಿ 8.6 ಮಿಲಿ ಇವಿ. ಗೋಡೆ ಅದಕ್ಕಿಂತ ತುಂಬ ಚಿಕ್ಕದಾದರೆ ಮುಕ್ತ ರೋಟರ್ ಸೂತ್ರ, ತುಂಬ ದೊಡ್ಡದಾದರೆ ಹಾರ್ಮೋನಿಕ್, ನಡುವೆ ಇದ್ದರೆ ಆ ಶಕ್ತಿಯ ವಕ್ರರೇಖೆಯನ್ನೇ ಶ್ರೋಡಿಂಗರ್ ಸಮೀಕರಣಕ್ಕೆ ಹಾಕಿ ಮಟ್ಟಗಳನ್ನು ತೆಗೆಯಬೇಕು. ಒಂದೇ ಕೋನ ಇರುವುದರಿಂದ ಅದು ಚಿಕ್ಕ ಮ್ಯಾಟ್ರಿಕ್ಸ್, ಲ್ಯಾಪ್‌ಟಾಪಿನಲ್ಲಿ ಕ್ಷಣದಲ್ಲಿ ಮುಗಿಯುತ್ತದೆ. ಒಂದು ಎಚ್ಚರ: ಆ ಹಂತಗಳಲ್ಲಿ ಅಣುವಿನ ಎತ್ತರವನ್ನು ಕಟ್ಟಿಹಾಕಬೇಡಿ, ಮೇಲೆ ಕೆಳಗೆ ಸರಿಯಲು ಬಿಡಿ. ಇಲ್ಲದಿದ್ದರೆ ಗೋಡೆ ಇರುವುದಕ್ಕಿಂತ ಎತ್ತರವಾಗಿ ಕಾಣಿಸುತ್ತದೆ.

ನಿಮ್ಮ ಸಿಓಗೆ ಇದರ ಅಗತ್ಯವಿಲ್ಲ. 285 ಸೆಂ.ಮೀ.⁻¹ ಎಂದರೆ 35 ಮಿಲಿ ಇವಿ, 150 ಕೆಲ್ವಿನ್‌ನ ಕೆಟಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ. ಅಣು ನೆಟ್ಟಗಿನ ಸ್ಥಿತಿಯಿಂದ ಹೆಚ್ಚು ದೂರ ವಾಲುವುದಿಲ್ಲ, ಹಾರ್ಮೋನಿಕ್ ಸಾಕು. 32 ಸೆಂ.ಮೀ.⁻¹ ಇರುವ ಪಕ್ಕದ ಓಲಾಟಗಳನ್ನು ಮಾತ್ರ ಒಮ್ಮೆ ಪರೀಕ್ಷಿಸಿ, ಒಂದು ತಾಮ್ರದ ನೆತ್ತಿಯಿಂದ ಪಕ್ಕದ ನೆತ್ತಿಗೆ ಸರಿಯಲು ಎಷ್ಟು ಶಕ್ತಿ ಬೇಕು ಅಂತ. ನಾನು ಹೇಳಿದ 6 ಪಟ್ಟು ಬದಲಾಗುವುದಿದ್ದರೆ ಅಲ್ಲೇ ಬದಲಾಗುತ್ತದೆ.